ವಾಪಸ್ ಬರೋಕೆ ಇಂಧನ

ಮಂಡ್ಯದ ನೂರಡಿ ರಸ್ತೆಯ ಬಂಕ್‌ನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ಅಕ್ಕನ ಮಗ ಕೇಳಿದ: "ಮಾವ, ಮಂಗಳಕ್ಕೆ ಹೋದೋರು ವಾಪಸ್ ಬರೋಕೆ ಎಲ್ಲಿ ಹಾಕಿಸ್ತಾರೆ?"

ಎಂಥ ಒಳ್ಳೆ ಪ್ರಶ್ನೆ! ಅಲ್ಲಿನ ಗಾಳಿಯಲ್ಲಿ ಶೇ. 95ರಷ್ಟು ಇಂಗಾಲದ ಡೈಆಕ್ಸೈಡ್. ಜಲಜನಕದ ಜತೆ ನಿಕಲ್ ವೇಗವರ್ಧಕದ ಮೇಲೆ ಅದನ್ನ ಕಾಯಿಸಿದರೆ ರಾಕೆಟ್‌ಗೆ ಇಂಧನವಾಗೋ ಮೀಥೇನ್ ಸಿಗುತ್ತೆ, ಜತೆಗೆ ನೀರು. ಈ ವಿದ್ಯೆ ನೂರು ವರ್ಷಕ್ಕೂ ಹಳೇದು. ಕಷ್ಟ ಇರೋದು ಉಳಿದದ್ದರಲ್ಲಿ. ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ, ಹಾಗಾಗಿ ಹೀರಿ ಒತ್ತಬೇಕು. ಹಿಟ್ಟಿನಂಥ ದೂಳು ಸೋಸಬೇಕು. ಜಲಜನಕ ಬೇಕಂದ್ರೆ ನೆಲದಡಿಯ ಮಂಜುಗಡ್ಡೆ ಅಗೆದು, ಆ ನೀರನ್ನ ಒಡೆಯಬೇಕು. ಮೀಥೇನ್ ಉರಿಯೋಕೆ ಬೇಕಾದ ಆಮ್ಲಜನಕವನ್ನ ಮೈನಸ್ 183 ಡಿಗ್ರಿ ಆಸುಪಾಸಿಗೆ ತಣಿಸಿ ದ್ರವ ಮಾಡಿ, ತಿಂಗಳುಗಟ್ಟಲೆ ಆವಿಯಾಗದಂತೆ ಕಾಪಾಡಬೇಕು.

ಮಂಗಳಕ್ಕೆ ನಾಸಾ ಕಳಿಸಿದ ಪರ್ಸಿವಿಯರೆನ್ಸ್ ರೋವರ್‌ನೊಳಗಿನ ಮಾಕ್ಸಿ ಯಂತ್ರ 2021ರಿಂದ 2023ರವರೆಗೆ 16 ಸಲ ಓಡಿ, 800 ಡಿಗ್ರಿ ಬಿಸಿಯಲ್ಲಿ ಒಟ್ಟು 122 ಗ್ರಾಂ ಆಮ್ಲಜನಕ ತೆಗೀತು. ಜನರನ್ನ ಹೊತ್ತು ಮೇಲೇರೋ ರಾಕೆಟ್‌ಗೆ ಬೇಕಿರೋದು ಟನ್‌ಗಟ್ಟಲೆ. ಆದ್ರೂ ಬೇರೆ ಗ್ರಹದ ಗಾಳಿಯಿಂದ ಮನುಷ್ಯ ಆಮ್ಲಜನಕ ತೆಗೆದದ್ದು ಅದೇ ಮೊದಲು. ನೆನೆಸಿಕೊಂಡ್ರೆ ಈಗ್ಲೂ ಮೈ ಜುಮ್ಮೆನ್ನುತ್ತೆ.

ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಕರೆಂಟಿನದು. ದೂಳಿನ ಬಿರುಗಾಳಿ ಎದ್ದರೆ ವಾರಗಟ್ಟಲೆ ಬಿಸಿಲು ಮಂಕು. ಸೋಲಾರ್ ಒಂದನ್ನೇ ನಂಬೋಕಾಗಲ್ಲ, ಪುಟ್ಟ ಪರಮಾಣು ಸ್ಥಾವರ ಬೇಕೇ ಬೇಕು ಅನ್ಸುತ್ತೆ.