ಇನ್ನೂ ಎಕ್ಸ್‌ಪಿನಾ ಅಂತ ಕೇಳೋರಿಗೆ

ವಿಂಡೋಸ್ ಎಕ್ಸ್‌ಪಿ ಅನ್ನೋ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಬಂದಿದ್ದು 2001ರಲ್ಲಿ, ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ, ಅದೇ ಎಕ್ಸ್‌ಪಿ ಇರೋ ಒಂದು ಪಿಸಿ ಮುಂದೆ ನಾನು ಹೋದ ತಿಂಗಳು ಅರ್ಧ ದಿನ ಕೂತಿದ್ದೆ.

ಒಂದು ಲ್ಯಾಬಿಂದ ಕರೆದಿದ್ರು. ಅಲ್ಲೊಂದು ಸ್ಪೆಕ್ಟ್ರೋಮೀಟರ್ ಇದೆ, ದ್ರಾವಣದೊಳಗೆ ಬೆಳಕು ಹಾಯಿಸಿ ಅದು ಎಷ್ಟು ಹೀರ್ಕೊಳ್ತು ಅಂತ ಅಳೆಯೋ ಮಷಿನ್ನು. ಮಷಿನ್ ಗಟ್ಟಿಮುಟ್ಟಾಗಿದೆ, ಪಕ್ಕದಲ್ಲಿರೋ ಪಿಸಿ ಮಾತ್ರ ಲೋಗೋ ತೋರಿಸಿ ನೀಲಿ ಸ್ಕ್ರೀನ್‌ಗೆ ಹೋಗಿ ಮತ್ತೆ ರೀಸ್ಟಾರ್ಟ್ ಆಗ್ತಿತ್ತು. ಕ್ಯಾಬಿನೆಟ್ ಬಿಚ್ಚಿದ್ರೆ ಒಳಗೆಲ್ಲ ಧೂಳು, ಬಿಳೀ ಪಿಸಿಐ ಸ್ಲಾಟಲ್ಲಿ (ಕಾರ್ಡ್ ಸಿಕ್ಕಿಸೋ ಹಳೇ ಥರದ ಜಾಗ) ಒಂದು ಉದ್ದನೆ ಕಾರ್ಡು, ಅದರಿಂದ ದಪ್ಪನೆ ಕೇಬಲ್ ಒಂದು ಮಷಿನ್‌ಗೆ ಹೋಗಿದೆ. ಆ ಕಾರ್ಡಿನ ಡ್ರೈವರ್, ಅಂದ್ರೆ ಅದರ ಜೊತೆ ಓಎಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್, ಇರೋದು ಎಕ್ಸ್‌ಪಿಗೆ ಮಾತ್ರ. ಮಷಿನ್ ಮಾಡಿದವರು ಆಮೇಲೆ ಹೊಸ ಡ್ರೈವರ್ ಬರೀಲೇ ಇಲ್ಲ, ಈಗಿನ ಮದರ್‌ಬೋರ್ಡುಗಳಲ್ಲಿ ಆ ಥರದ ಸ್ಲಾಟ್ ಸಿಗೋದೇ ಅಪರೂಪ.

"ಸರ್, ಹಳೇ ರೀಡಿಂಗ್ ಎಲ್ಲಾ ಹೋಯ್ತಾ?" ಅಂತ ಅಲ್ಲಿ ಕೆಲಸ ಮಾಡೋರು ಮೂರು ಸಲ ಕೇಳಿದ್ರು. ಹೋಗಿರಲಿಲ್ಲ. ಬೋರ್ಡ್ ಮೇಲಿನ ಬಿಲ್ಲೆ ಥರದ ಸಿಮೋಸ್ ಬ್ಯಾಟರಿ ಸತ್ತಿತ್ತು, ಅಷ್ಟೇ. ಅದು ಸತ್ರೆ ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಮು) ಸೆಟ್ಟಿಂಗ್ಸ್ ಮರೆತುಹೋಗುತ್ತೆ, ಇಲ್ಲಿ ಹಾರ್ಡ್ ಡಿಸ್ಕ್ ಜೊತೆ ಮಾತಾಡೋ ಮೋಡು ಹಳೇ ಐಡಿಇ ಇಂದ ಹೊಸ ಎಎಚ್‌ಸಿಐಗೆ ಹೋಗಿತ್ತು, ಎಕ್ಸ್‌ಪಿ ಜೊತೆ ಎಎಚ್‌ಸಿಐ ಡ್ರೈವರ್ ಬರಲ್ಲ, ಹಾಗಾಗಿ ಅದಕ್ಕೆ ಡಿಸ್ಕೇ ಕಾಣ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿ, ಐಡಿಇಗೆ ತಂದು, ತಾರೀಖು ಸರಿ ಮಾಡಿದ್ಮೇಲೆ ಎಕ್ಸ್‌ಪಿಯ ಆ ಹಸಿರು ಗುಡ್ಡದ ಚಿತ್ರ ಬಂತು ನೋಡಿ, ಅವರ ಮುಖ ನೋಡ್ಬೇಕಿತ್ತು.

ಈಗ ಇವರಿಗೆ ಯಾರಾದ್ರೂ "ಅಪ್‌ಗ್ರೇಡ್ ಮಾಡ್ಕೊಳ್ರೀ" ಅಂದ್ರೆ ಏನರ್ಥ? ಓಎಸ್ ಬದಲಾಯಿಸಿದ್ರೆ ಡ್ರೈವರ್ ಹೋಗುತ್ತೆ, ಡ್ರೈವರ್ ಹೋದ್ರೆ ಕಾರ್ಡ್ ಹೋಗುತ್ತೆ, ಕಾರ್ಡ್ ಹೋದ್ರೆ ಮಷಿನ್ನೇ ಹೋಯ್ತು, ಹೊಸದು ತಂದ್ರೂ ವರ್ಷಗಟ್ಟಲೆ ತೆಗೆದ ರೀಡಿಂಗ್ ಜೊತೆ ಹೊಸದರ ರೀಡಿಂಗ್ ತಾಳೆ ಆಗುತ್ತಾ ಅಂತ ಮತ್ತೆ ಮೊದಲಿಂದ ನೋಡ್ಬೇಕು. ಅವರಿಗೆ ಎಕ್ಸ್‌ಪಿ ಮೇಲೇನೂ ಪ್ರೀತಿ ಇಲ್ಲ, ಅವರಿಗೆ ಬೇಕಿರೋದು ಆ ಮಷಿನ್ನು. ನಾನು ನೋಡಿರೋ ಹಳೇ ಓಎಸ್‌ಗಳ ಹಿಂದೆ ಹೆಚ್ಚಾಗಿ ಇಂಥದ್ದೇ ಏನೋ ಒಂದು ಇರುತ್ತೆ, ಲೇತ್ ಓಡಿಸೋ ಪ್ರೋಗ್ರಾಮು, ಇಲ್ಲಾಂದ್ರೆ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಲೆಕ್ಕದ ಸಾಫ್ಟ್‌ವೇರ್. ಆ ಕಾಲದ 16 ಬಿಟ್ ಪ್ರೋಗ್ರಾಮುಗಳು ಈಗಿನ 64 ಬಿಟ್ ವಿಂಡೋಸಲ್ಲಿ ನೇರವಾಗಿ ಓಡಲ್ಲ, ಅವನ್ನ ಓಡಿಸ್ತಿದ್ದ 32 ಬಿಟ್ ವಿಂಡೋಸು 11ರಲ್ಲಿ ಅಂತೂ ಬಂದೇ ಇಲ್ಲ. ಪ್ಯಾರಿಸ್ಸಿನ ಓರ್ಲಿ ಏರ್‌ಪೋರ್ಟಲ್ಲಿ 2015ರಲ್ಲಿ ಒಂದು ಸಿಸ್ಟಮ್ ಕೈಕೊಟ್ಟು ವಿಮಾನಗಳು ನಿಂತಾಗ್ಲೇ ಅದು ಎಕ್ಸ್‌ಪಿಗಿಂತಲೂ ಹಳೇ ವಿಂಡೋಸ್ 3.1 ಮೇಲೆ ಓಡ್ತಿದೆ ಅಂತ ಲೋಕಕ್ಕೆ ಗೊತ್ತಾಗಿದ್ದು.

ಇನ್ನು ಅಭ್ಯಾಸದ ವಿಷ್ಯ. ನಮ್ಮ ದೊಡ್ಡಮ್ಮಂಗೆ ಕಣ್ಣು ಸ್ವಲ್ಪ ಮಂಜು, ಅವರು ಬಟನ್ ಓದಿ ಒತ್ತೋದಿಲ್ಲ, ಅದು ಇರೋ ಜಾಗದ ಮೇಲೆ ಒತ್ತುತ್ತಾರೆ. 2012ರಲ್ಲಿ ವಿಂಡೋಸ್ 8 ಬಂದು ಸ್ಟಾರ್ಟ್ ಬಟನ್ನೇ ತೆಗೆದಾಗ ಪಾಪ ಒಂದು ವಾರ ಕಂಪ್ಯೂಟರ್ ಮುಟ್ಟಲಿಲ್ಲ, ನಾನೇ ಮತ್ತೆ 7 ಹಾಕಿಕೊಟ್ಟೆ. ಅದನ್ನ ಸೋಮಾರಿತನ ಅಂದ್ರೆ ನಂಗೆ ಕೋಪ ಬರುತ್ತೆ.

ವಿಂಡೋಸ್ 10ರ ಕಥೆ ಬೇರೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗೀತು, 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿರೋ ಪ್ರೊಸೆಸರ್ ಬೇಕು. ಚೆನ್ನಾಗಿ ಓಡೋ ಲ್ಯಾಪ್‌ಟಾಪ್ ಇಟ್ಕೊಂಡಿರೋರು ಏನೂ ತಪ್ಪು ಮಾಡದೆ ಒಂದೇ ದಿನದಲ್ಲಿ 'ಹಳಬರು' ಆಗೋದ್ರು.

ಹಾಗಂತ ಅಪಾಯ ಇಲ್ಲ ಅಂತ ನಾನು ಹೇಳಲ್ಲ. 2017ರ ಮೇ 12ಕ್ಕೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ಕ್ಯಾನ್ಸಲ್ ಆದ್ವು. ಆದ್ರೆ ಅವತ್ತು ಜಾಸ್ತಿ ಸಿಕ್ಕಿಹಾಕ್ಕೊಂಡಿದ್ದು ಎಕ್ಸ್‌ಪಿ ಅಲ್ಲ, ವಿಂಡೋಸ್ 7. ಅದಕ್ಕಿನ್ನೂ ಸಪೋರ್ಟ್ ಇತ್ತು, ಮಾರ್ಚಲ್ಲೇ ಪ್ಯಾಚ್ (ಆ ತೂತು ಮುಚ್ಚೋ ಅಪ್‌ಡೇಟ್) ಬಂದಿತ್ತು, ಹಾಕ್ಕೊಂಡಿರಲಿಲ್ಲ ಅಷ್ಟೇ. ಅದಕ್ಕೇ ನಾನು ಮೊದಲು ಕೇಳೋದು ಓಎಸ್ ವಯಸ್ಸಲ್ಲ, ಇದಕ್ಕೆ ನೆಟ್ ಇದೆಯಾ ಅಂತ. ಹಳೇ ಓಎಸಲ್ಲಿ ಮೇಲು, ಬ್ಯಾಂಕಿಂಗು ಮಾಡೋರನ್ನ ಕಂಡ್ರೆ ಕೈ ಮುಗಿದು ಬೇಡ ಅಂತೀನಿ, ವಿಂಡೋಸ್ 7ರಲ್ಲಿ ಕ್ರೋಮ್ ಬ್ರೌಸರ್ ಕೂಡ 109ನೇ ವರ್ಶನ್ನಿಗೇ ನಿಂತೋಗಿದೆ. ಆ ಥರದ ಪಿಸಿಗೆ ಲಿನಕ್ಸ್ ಅನ್ನೋ ಬೇರೆ ಓಎಸ್ ಹಾಕಿದ್ರೆ ಇನ್ನೂ ಎಷ್ಟೋ ವರ್ಷ ಬರುತ್ತೆ. ದೊಡ್ಡಮ್ಮಂಗೂ ಈಗ ಅದೇ, ಮೆನು ಮಾತ್ರ ಎಡಗಡೆ ಮೂಲೆಯಲ್ಲೇ ಇಟ್ಟಿದ್ದೀನಿ.

ಲ್ಯಾಬ್ ಪಿಸಿದು ಲ್ಯಾನ್ ಕೇಬಲ್ ಕಿತ್ತು ಪೋರ್ಟ್ ಮೇಲೆ ಟೇಪ್ ಅಂಟಿಸಿದೆ, ರೀಡಿಂಗ್ ತಗೊಂಡು ಹೋಗೋಕೆ ಅದಕ್ಕಂತಲೇ ಒಂದು ಪೆನ್‌ಡ್ರೈವ್, ಬೇರೆ ಪಿಸಿಯಲ್ಲಿ ಸ್ಕ್ಯಾನ್ ಮಾಡಿ ಹಾಕಿ ಅಂದೆ. ಇಡೀ ಡಿಸ್ಕಿನ ಇಮೇಜ್, ಅಂದ್ರೆ ಪೂರ್ತಿ ನಕಲು, ತೆಗೆದು ಎರಡು ಕಡೆ ಇಟ್ಟೆ. ಬಯಾಸ್ ಸೆಟ್ಟಿಂಗ್ಸ್ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗಡೆ ಅಂಟಿಸಿದ್ದೀನಿ, ಮುಂದಿನ ಸಲ ಬ್ಯಾಟರಿ ಹೋದಾಗ ಬಿಚ್ಚೋರು ನಾನೇ ಆಗಿರ್ಬೇಕು ಅಂತೇನಿಲ್ಲವಲ್ಲ.