ನೀವು ಕಲಿಸೋದು ಯಾವಾಗ, ಅಕ್ಕೋರೇ?

"ಎಲ್ಲಾ ಅವಳೇ ಹೇಳ್ತಿದ್ದಾಳಲ್ಲ ಅಕ್ಕೋರೇ, ನೀವು ಕಲಿಸೋದು ಯಾವಾಗ?" ಎಂದು ಮೊನ್ನೆ, ನಾನು ಮಕ್ಕಳಿಗೆ ಒಬ್ಬೊಬ್ಬರಾಗಿ ಪಾಠ ಹೇಳುವ ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದ ತಂದೆಯೊಬ್ಬರು ಕೇಳಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದು ಕೊಂಕು ಮಾತಾಗಿರಲಿಲ್ಲ. ಎಂದಿನಂತೆ ಮಗಳನ್ನು ಇಳಿಸಿ ಶಿರಸಿ ಪೇಟೆಯ ಕೆಲಸಕ್ಕೆ ಹೋಗುವ ಅವರು, ಆ ದಿನದ ಮಳೆ ಹೊಳವಾಗದ್ದರಿಂದ ಅಲ್ಲಿಯೇ ಉಳಿದಿದ್ದರು. ಅಡಿಕೆ ತೋಟಕ್ಕೆ ಎರಡನೆಯ ಸಲ ಕೊಳೆರೋಗದ ಔಷಧಿ ಹೊಡೆಸಬೇಕು, ಮಳೆ ಬಿಡುತ್ತಿಲ್ಲ, ಮಳೆ ಬಿಟ್ಟರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುತ್ತಿಲ್ಲ ಎಂಬ ಚಿಂತೆಯ ನಡುವೆಯೂ ಮಗಳ ಓದಿಗೆಂದು ಹಣ ತೆಗೆದಿಟ್ಟಿರುವ ಮನುಷ್ಯ ಅವರು. ಅಂಥವರು ಕೇಳಿದ್ದನ್ನು ತಳ್ಳಿಹಾಕುವಂತಿರಲಿಲ್ಲ.

ಅವರು ಕಂಡದ್ದಾದರೂ ಏನು? ಐದನೆಯ ತರಗತಿಯ ಅವರ ಮಗಳಿಗೆ ನಾನು 402ರಿಂದ 178ನ್ನು ಕಳೆಯಲು ಕೊಟ್ಟಿದ್ದೆ. ಅವಳು ಕ್ಷಣವೂ ಅನುಮಾನಿಸದೆ 376 ಎಂದು ಬರೆದಳು. ತಂದೆ ಕುಳಿತಲ್ಲಿಂದಲೇ ಬಗ್ಗಿ ನೋಡಿ "ತಪ್ಪು, ತಪ್ಪು" ಎಂದರು. ನಾನು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. "ಇದು ಹೇಗೆ ಬಂತು, ಹೇಳು" ಎಂದೆ. ಅವಳು ಬೆರಳಿಟ್ಟು ತೋರಿಸುತ್ತಾ ಹೇಳಿದಳು: "ಎರಡರಲ್ಲಿ ಎಂಟು ಹೋಗೂದಿಲ್ಲ, ಅದಕ್ಕೆ ಎಂಟರಲ್ಲಿ ಎರಡು ಕಳೆದೆ, ಆರು. ಸೊನ್ನೆಯಲ್ಲಿ ಏಳು ಹೋಗೂದಿಲ್ಲ, ಅದಕ್ಕೆ ಏಳು. ನಾಲ್ಕರಲ್ಲಿ ಒಂದು ಹೋದರೆ ಮೂರು."

ಈ ಮೂರು ವಾಕ್ಯಗಳನ್ನು ಕೇಳಿಸಿಕೊಳ್ಳುವುದಕ್ಕಾಗಿಯೇ ಒಂದು ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಕಲಿಸಬೇಕಾಗುತ್ತದೆ ಎಂದು ನಾನು ನಂಬಿದ್ದೇನೆ. ಅವಳ ಉತ್ತರದಲ್ಲಿ ಅಜಾಗರೂಕತೆ ಇರಲಿಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಚಿಕ್ಕ ತರಗತಿಯಲ್ಲಿ ಯಾರೋ ಹೇಳಿದ್ದನ್ನು ಅವಳು ಪ್ರತಿಯೊಂದು ಸ್ಥಾನಕ್ಕೂ ನಿಷ್ಠೆಯಿಂದ ಅನ್ವಯಿಸಿದ್ದಳು. ಮಕ್ಕಳ ವ್ಯವಕಲನದ ತಪ್ಪುಗಳು ಎಷ್ಟೋ ಸಲ ಮನಬಂದಂತೆ ಆಗುವುದಿಲ್ಲ, ಅವುಗಳ ಹಿಂದೆ ಒಂದು ತಪ್ಪು ನಿಯಮವಿರುತ್ತದೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿಯೇ ವಿವರವಾಗಿ ತೋರಿಸಿದ್ದಾರೆ. ಆ ನಿಯಮ ಯಾವುದೆಂದು ತಿಳಿಯದೆ, ದಶಕ ತರುವ ಕ್ರಮವನ್ನು ನಾನು ಹಲಗೆಯ ಮೇಲೆ ಮತ್ತೊಮ್ಮೆ ಬರೆದು ತೋರಿಸಿದ್ದರೆ, ಅವಳು ತಲೆಯಾಡಿಸಿ, ಅದನ್ನು ಚೊಕ್ಕಟವಾಗಿ ನಕಲು ಮಾಡಿಕೊಂಡು, ಮರುದಿನ ಶಾಲೆಯಲ್ಲಿ ಮತ್ತೆ ತನ್ನದೇ ನಿಯಮಕ್ಕೆ ಮರಳುತ್ತಿದ್ದಳು.

ನಾನು ನಾಲ್ಕು ನೂರರ ನೋಟು, ಎರಡು ಒಂದು ರೂಪಾಯಿಯ ನಾಣ್ಯ ತಂದಿಟ್ಟು, "ಇದರಲ್ಲಿ ಅಂಗಡಿಯವನಿಗೆ 178 ಕೊಡಬೇಕು, ನಿನ್ನ ಹತ್ತಿರ 376 ಉಳಿಯುತ್ತದೆಯೇ?" ಎಂದು ಕೇಳಿ ಸುಮ್ಮನಾದೆ. ಅವಳೂ ಸುಮ್ಮನಾದಳು. ಆ ಮೌನ ತಂದೆಗೆ ಸಹಿಸಲಾಗಲಿಲ್ಲ. ನನ್ನನ್ನು ಆ ಪ್ರಶ್ನೆ ಕೇಳಿದ್ದು ಆಗಲೇ. ನಾನು ಅವರಿಗೆ "ಸ್ವಲ್ಪ ತಡೀರಿ" ಎಂದಷ್ಟೇ ಹೇಳಿದೆ. ಹುಡುಗಿ ನೋಟುಗಳನ್ನು ಮುಟ್ಟಿದಳು, ಬಿಟ್ಟಳು, ಮತ್ತೆ ಮುಟ್ಟಿದಳು. ಕೊನೆಗೆ "ಇಷ್ಟೆಲ್ಲ ಉಳಿಯೂದಿಲ್ಲ. ನೂರಕ್ಕೆ ಚಿಲ್ಲರೆ ಕೊಡಿ" ಎಂದಳು. ಹತ್ತರ ಹತ್ತು ನೋಟು ಕೊಟ್ಟೆ. ಅದರಲ್ಲಿ ಒಂದನ್ನು ಹಿಂದಿರುಗಿಸಿ "ಇದಕ್ಕೂ ಚಿಲ್ಲರೆ" ಎಂದಳು. ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ರೂಪಾಯಿ ಅವಳ ಮುಂದಿದ್ದವು. ಅದರಿಂದ 178ನ್ನು ಎಣಿಸಿ ತೆಗೆದು ಉಳಿದದ್ದು 224 ಎಂದು ತಾನೇ ಬರೆದಳು. ಪುಸ್ತಕದ ಲೆಕ್ಕದಲ್ಲಿ ಸೊನ್ನೆಯ ಮೇಲೆ ಒಂಬತ್ತು ಬರೆಯುವುದೇಕೆ ಎಂಬುದನ್ನೂ ಅವಳೇ ತಂದೆಗೆ ವಿವರಿಸಿದಳು.

ಆ ತಂದೆಯ ಪ್ರಶ್ನೆಯ ಹಿಂದೆ, ಕಲಿಸುವುದೆಂದರೆ ಮಾತನಾಡುವುದು ಎಂಬ ಬಹಳ ಹಳೆಯ ತಿಳಿವಳಿಕೆ ಇದೆ. ಅದನ್ನು ಅವರೊಬ್ಬರ ಮೇಲೆ ಹೊರಿಸಲಾರೆ. ನಾವೆಲ್ಲ ಕಲಿತ ತರಗತಿಗಳಲ್ಲಿ ಮಾಸ್ತರರ ದನಿ ಎಷ್ಟು ದೊಡ್ಡದೋ ಪಾಠ ಅಷ್ಟು ಒಳ್ಳೆಯದು ಎಂಬ ಭಾವನೆಯಿತ್ತು. ಶಿಕ್ಷಣ ಹಕ್ಕು ಕಾಯ್ದೆಯು ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆನ್ನುತ್ತದೆ. ಮೂವತ್ತು ಮಕ್ಕಳ ಎದುರು ನಿಂತವರು ಒಂದು ಮಗು ನೋಟು ಮುಟ್ಟಿ ಬಿಡುವುದನ್ನು ಕಾಯುತ್ತಾ ಕೂರಲಾರರು. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರೆಂದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗಲೇ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವವರು ಕಡಿಮೆಯಾದರು. ನಮ್ಮ ಜಗುಲಿಯಲ್ಲಿ ಆ ದಿನ ಕಳೆದದ್ದು ಸೆಕೆಂಡುಗಳಲ್ಲ, ನಿಮಿಷಗಳು. ಅಷ್ಟು ಹೊತ್ತನ್ನು ಒಂದು ಮಗುವಿಗೆ ಕೊಡಲು ಸಾಧ್ಯವಾಗುವುದೇ ಒಬ್ಬರಿಗೊಬ್ಬರು ಕೂತು ಕಲಿಯುವಲ್ಲಿ.

ಹೀಗಿದ್ದೂ ಒಂಟಿ ಪಾಠ ಹೇಳುವವರಲ್ಲಿ ಅನೇಕರು ಇದ್ದ ಒಂದು ಮಗುವಿಗೇ ತರಗತಿಯ ಭಾಷಣವನ್ನು ಮಾಡುತ್ತಾರೆ. ಇನ್ನು ಕೆಲವರು ಮಗುವಿನ ಹೋಂವರ್ಕನ್ನು ತಾವೇ ಹೇಳಿ ಬರೆಸಿ ಕಳಿಸುತ್ತಾರೆ. ಮನೆಗೆ ಹೋದಾಗ ಪುಸ್ತಕ ತುಂಬಿರುತ್ತದೆ, ಪಾಲಕರಿಗೆ ಸಮಾಧಾನವಾಗುತ್ತದೆ. ಇದು ಮಗುವಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಮಿಶೆಲಿನ್ ಚಿ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಬ್ಬೊಬ್ಬರಿಗೇ ಪಾಠ ಹೇಳುವವರಿಗೆ ವಿವರಣೆ ಕೊಡಬಾರದು, ಮಗುವಿನಿಂದಲೇ ಮಾತು ಹೊರಡಿಸುವಂತೆ ಕೇಳುತ್ತಾ ಹೋಗಬೇಕು ಎಂಬ ಕಟ್ಟು ಹಾಕಲಾಗಿತ್ತು. ವಿವರಣೆ ಸಿಗದಿದ್ದರೂ ಆ ಮಕ್ಕಳು, ವಿವರಣೆ ಪಡೆದವರಷ್ಟೇ ಕಲಿತರು. ಹಾಗೆಂದು ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರುವುದಿಲ್ಲ. ಮಗುವಿಗೆ ಗೊತ್ತೇ ಇಲ್ಲದ ಹೊಸ ಸಂಗತಿಯನ್ನು ನೇರವಾಗಿ, ಸ್ಪಷ್ಟವಾಗಿ ಹೇಳಲೇಬೇಕು. ತ್ರಿಜ್ಯ ಎಂದರೇನೆಂದು ಮಗು ಊಹಿಸಿ ಹೇಳಲಿ ಎಂದು ಸತಾಯಿಸುವುದು ಕಲಿಸುವಿಕೆಯಲ್ಲ. ಆದರೆ ಮಗುವಿನ ತಲೆಯಲ್ಲಿ ಈಗಾಗಲೇ ಒಂದು ನಿಯಮ ಕುಳಿತಿದ್ದರೆ, ಅದನ್ನು ಮೊದಲು ಮಗುವಿನ ಬಾಯಿಂದಲೇ ಕೇಳಬೇಕು.

ಉತ್ತರ ಸರಿಯಿದ್ದಾಗಲೂ ನಾನು "ಹೇಗೆ ಬಂತು" ಎಂದೇ ಕೇಳುತ್ತೇನೆ. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಮಕ್ಕಳು ರಬ್ಬರಿಗೆ ಕೈ ಹಾಕುತ್ತಾರೆ. ಉಜ್ಜಿ ಅಳಿಸಿದ ಮೇಲೆ ಅಲ್ಲಿ ಓದಲು ನನಗೇನೂ ಉಳಿಯುವುದಿಲ್ಲ. ಈ ಕಾರಣಕ್ಕೆ ನನ್ನ ಹತ್ತಿರ ಬರುವ ಮಕ್ಕಳಿಗೆ ಲೆಕ್ಕ ಅಳಿಸುವ ರೂಢಿ ಬೇಡವೆಂದಿದ್ದೇನೆ. ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ.

ಹೊರಡುವಾಗ ಆ ತಂದೆಗೆ ಇದನ್ನೆಲ್ಲ ಹೇಳಲು ಸಮಯವಿರಲಿಲ್ಲ. ಮನೆಯಲ್ಲಿ ಅವಳು ಲೆಕ್ಕ ಮಾಡುವಾಗ ಅವಳಿಗಿಂತ ಮೊದಲು ಉತ್ತರ ಹೇಳಬೇಡಿ, ಹೇಗೆ ಮಾಡಿದೆಯೆಂದು ಕೇಳಿ ಎಂದಷ್ಟೇ ವಿನಂತಿಸಿದೆ. ಅವರು "ನೋಡ್ವ" ಎಂದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ತಿಂಗಳ ಕೊನೆಗೆ ಮಗಳ ಪುಸ್ತಕ ತೆರೆದಾಗ ತುಂಬಿದ ಪುಟಗಳನ್ನೇ ಅವರು ಹುಡುಕಬಹುದು, ನನ್ನಲ್ಲಿ ಅಷ್ಟು ಪುಟಗಳು ತುಂಬುವುದಿಲ್ಲ. ಮುಂದಿನ ವಾರ ಅವಳಿಗೆ ಸಾವಿರದಿಂದ 347 ಕಳೆಯುವುದನ್ನು ಕೊಡಲಿದ್ದೇನೆ. ಈ ಸಲ ಚಿಲ್ಲರೆಯನ್ನು ಅವಳು ಕೇಳಿದರೆ ಮಾತ್ರ ತರುತ್ತೇನೆ, ತಂದೆ ಜಗುಲಿಯಲ್ಲಿದ್ದರೆ ಅವರನ್ನೂ ಹತ್ತಿರ ಕರೆದು ಕೂರಿಸುತ್ತೇನೆ.