ತುಮಕೂರಿನಿಂದ ಮನೋವಿಶ್ಲೇಷಣೆಯ ಪ್ರಶಸ್ತಿಗೆ ಅರ್ಜಿ: ಕಡತದಲ್ಲಿ ಏನಿರಬೇಕು, ಏನಿರಬಾರದು

ಮನೋವಿಶ್ಲೇಷಣೆಗೆ, ಅಂದರೆ ಮಾತುಕತೆಯ ಮೂಲಕ ಸುಪ್ತಮನಸ್ಸನ್ನು ಅರಿಯುವ ಫ್ರಾಯ್ಡ್ ಹುಟ್ಟುಹಾಕಿದ ಪದ್ಧತಿಗೆ, ಸಂದ ಕೊಡುಗೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಬಹಳ ಹೆಸರಾದದ್ದು ಸಿಗೊರ್ನಿ ಪ್ರಶಸ್ತಿ. ಅಮೆರಿಕದ ಮೇರಿ ಸಿಗೊರ್ನಿ ಇದನ್ನು 1989ರಲ್ಲಿ ಸ್ಥಾಪಿಸಿದರು. ವ್ಯಕ್ತಿಗಳೂ ಸಂಸ್ಥೆಗಳೂ ಅರ್ಜಿ ಹಾಕಬಹುದು, ದೇಶದ ಮಿತಿಯಿಲ್ಲ. ತೂಗಿ ನೋಡುವುದು ಕಳೆದ ಹತ್ತು ವರ್ಷಗಳ ಕೆಲಸವನ್ನು. ಇದಲ್ಲದೆ 1910ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘ, ಅಂದರೆ ಐಪಿಎ, ಜನರ ನಡುವೆ ನಡೆಯುವ ಕೆಲಸಕ್ಕೆಂದೇ ಬೇರೆ ಪ್ರಶಸ್ತಿಗಳನ್ನು ಇಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಕೂತು ಕೆಲಸ ಮಾಡುವವರು ಇವೆಲ್ಲ ದೊಡ್ಡ ಊರಿನವರಿಗೆ ಎಂದುಕೊಂಡು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ಆದರೆ ರಾಜ್ಯೋತ್ಸವ ಪ್ರಶಸ್ತಿಗೆ ಬರೆಸಿಟ್ಟ ಬಯೋಡೇಟಾವನ್ನೇ ಇಂಗ್ಲಿಷಿಗೆ ಮಾಡಿಸಿ ಕಳಿಸಿದರೆ ಮಾತ್ರ ಏನೂ ಆಗುವುದಿಲ್ಲ.

ಯಾಕೆಂದರೆ ಅಂಥ ಬಯೋಡೇಟಾ ಸೇವೆಯ ಲೆಕ್ಕ ಕೊಡುತ್ತದೆ. ಎಷ್ಟು ಶಿಬಿರ, ಎಷ್ಟು ಶಾಲೆ, ಎಷ್ಟು ಜನರಿಗೆ ಕೌನ್ಸೆಲಿಂಗ್. ತೀರ್ಪುಗಾರರು ಕೇಳುವ ಪ್ರಶ್ನೆಯೇ ಬೇರೆ: ಈ ಕೆಲಸದಿಂದ ಮನೋವಿಶ್ಲೇಷಣೆಯ ಚಿಂತನೆಗೆ ಏನು ಸೇರಿತು? ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ನಲ್ಲಿ ವರ್ಷಕ್ಕೆ ಸಾವಿರಾರು ರೋಗಿಗಳನ್ನು ನೋಡಿರಬಹುದು. ಅದು ದೊಡ್ಡ ಕೆಲಸ, ಆದರೆ ಅಷ್ಟರಿಂದಲೇ ಅದು ಮನೋವಿಶ್ಲೇಷಣೆಯ ಕೊಡುಗೆಯಾಗುವುದಿಲ್ಲ. ಅದೇ ಕ್ಲಿನಿಕ್‌ನಲ್ಲಿ ಅತ್ತೆಯನ್ನೋ ನಾದಿನಿಯನ್ನೋ ಜೊತೆಗೆ ಕರೆತರದೆ ಹೆಣ್ಣುಮಕ್ಕಳು ಒಳಗೇ ಬರುವುದಿಲ್ಲ. ಆ ಮೂರನೆಯವರು ಕೊಠಡಿಯಲ್ಲಿ ಇರುವಾಗ ಟ್ರಾನ್ಸ್‌ಫರೆನ್ಸ್, ಅಂದರೆ ಹಿಂದಿನ ಸಂಬಂಧಗಳ ಭಾವನೆಯನ್ನು ರೋಗಿ ಚಿಕಿತ್ಸಕರ ಮೇಲೆ ಹೊರಿಸುವುದು, ಯಾರ ಮೇಲೆ ಕೂರುತ್ತದೆ, ಎರಡಾಗಿ ಒಡೆಯುತ್ತದೆಯೇ, ಅದನ್ನು ಹೇಗೆ ಕೆಲಸಕ್ಕೆ ತಂದುಕೊಂಡಿರಿ ಎಂದು ತೋರಿಸಿದರೆ ಅದು ಕೊಡುಗೆ. ಇಬ್ಬರೇ ಇರುವ ಕೊಠಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಸಿದ್ಧಾಂತಕ್ಕೆ ಇಲ್ಲಿಂದ ಹೇಳಲು ಏನೋ ಇದೆ ಎಂದಾಯಿತು.

ಈ ದಾರಿ ಹೊಸದಲ್ಲ. ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದವರು. ಅವರು ಫ್ರಾಯ್ಡ್ ಹೇಳಿದ್ದನ್ನು ಇಲ್ಲಿಗೆ ತಂದು ಹಂಚಿ ಮುಗಿಸಲಿಲ್ಲ. ಪ್ರತಿ ಬಯಕೆಗೂ ಅದರ ವಿರುದ್ಧ ಬಯಕೆಯೊಂದು ಸುಪ್ತಮನಸ್ಸಿನಲ್ಲಿ ಇದ್ದೇ ಇರುತ್ತದೆ, ದಮನ ಹುಟ್ಟುವುದು ಆ ಜೋಡಿಯಿಂದ ಎಂದು ವಾದಿಸಿದರು. ಯುರೋಪಿನ ರೋಗಿಗಳಲ್ಲಿ ಕಾಣುವಷ್ಟು ಎದ್ದು ಕಾಣುವ ಕ್ಯಾಸ್ಟ್ರೇಷನ್ ಭಯ (ಲಿಂಗ ಕಳೆದುಕೊಳ್ಳುವ ಸುಪ್ತ ಭಯ) ತಮ್ಮ ಭಾರತೀಯ ರೋಗಿಗಳಲ್ಲಿ ಕಾಣುತ್ತಿಲ್ಲ ಎಂದು ಫ್ರಾಯ್ಡ್‌ಗೇ ಬರೆದರು. ಜಪಾನಿನ ಹೆಯ್ಸಾಕು ಕೊಸಾವಾ 1932ರಲ್ಲಿ ವಿಯೆನ್ನಾಕ್ಕೆ ಹೋದಾಗ ಬೌದ್ಧ ಪರಂಪರೆಯ ಅಜಾತಶತ್ರುವಿನ ಕಥೆಯಿಂದ ಕಟ್ಟಿದ ಅಜಾಸೆ ಕಾಂಪ್ಲೆಕ್ಸ್ ಅನ್ನು, ಅಂದರೆ ತಾಯಿಯ ಮೇಲಿನ ಸಿಟ್ಟು ಮತ್ತು ಅದರ ಅಪರಾಧಪ್ರಜ್ಞೆಯ ವಿಚಾರವನ್ನು, ಫ್ರಾಯ್ಡ್ ಮುಂದಿಟ್ಟರು. ಇಬ್ಬರೂ ಸ್ಥಳೀಯ ಅನುಭವವನ್ನು ಸಿದ್ಧಾಂತದ ಎದುರಿಗೆ ನಿಲ್ಲಿಸಿದರು. ನಿಮ್ಮ ಮುಖ್ಯ ಬರಹದ ಬೆನ್ನೆಲುಬು ಅಂಥದ್ದೇ ಒಂದು ವಾದವಾಗಿರಬೇಕು. ಮೊದಲ ಪ್ಯಾರಾದಲ್ಲೇ ಅದು ಬರಬೇಕು. ಜಿಲ್ಲೆಯ ಪರಿಚಯ, ಮಠದ ಪರಂಪರೆ, ಬರಗಾಲದ ವಿವರಣೆಗೆ ಎರಡು ಪುಟ ಖರ್ಚು ಮಾಡಿ ಆಮೇಲೆ ವಿಷಯಕ್ಕೆ ಬರುವ ಕರಡುಗಳು ಓದುವವರನ್ನು ಅಲ್ಲೇ ಕಳೆದುಕೊಳ್ಳುತ್ತವೆ.

ಸೆಷನ್‌ಗಳ ಸಂಖ್ಯೆಯನ್ನು ಮುಚ್ಚಿಡಬೇಡಿ. ಐಪಿಎ ಒಪ್ಪಿದ ತರಬೇತಿ ಕ್ರಮಗಳಲ್ಲೊಂದಾದ ಐಟಿಂಗನ್ ಮಾದರಿಯಲ್ಲಿ ವಾರಕ್ಕೆ ನಾಲ್ಕರಿಂದ ಐದು ಸೆಷನ್ ಎಂದಿತ್ತು, 2017ರಲ್ಲಿ ಅದು ಮೂರರಿಂದ ಐದು ಎಂದಾಯಿತು. ಶಿರಾದಿಂದ ಬಸ್ಸಿನಲ್ಲಿ ಬಂದುಹೋಗುವ ಕೂಲಿಯವರು ವಾರಕ್ಕೆ ಒಂದು ಸಲ ಬಂದರೇ ಹೆಚ್ಚು. ಅದನ್ನು ಹಾಗೇ ಬರೆಯಿರಿ: ವಾರಕ್ಕೆ ಒಂದು, ಇಷ್ಟು ನಿಮಿಷ, ಇಷ್ಟು ತಿಂಗಳು, ಮಧ್ಯೆ ಸುಗ್ಗಿಯಲ್ಲಿ ಇಷ್ಟು ವಾರ ಬಿಟ್ಟಿತ್ತು. ಇದನ್ನು ಮನೋವಿಶ್ಲೇಷಣೆ ಎಂದು ಕರೆಯದೆ, ಮನೋವಿಶ್ಲೇಷಣೆಯ ನೆಲೆಯ ಚಿಕಿತ್ಸೆ ಎಂದು ಕರೆದರೆ ಯಾರೂ ಕಡಿಮೆ ಮಾಡಿ ನೋಡುವುದಿಲ್ಲ. ಹೆಚ್ಚು ಮಾಡಿ ಬರೆದದ್ದು ಗೊತ್ತಾದರೆ ಉಳಿದ ಎಲ್ಲ ಮಾತಿನ ಮೇಲೂ ಅನುಮಾನ ಬರುತ್ತದೆ. ನೀವು ಯಾರ ಸೂಪರ್‌ವಿಷನ್‌ನಲ್ಲಿ, ಅಂದರೆ ಯಾವ ಹಿರಿಯ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ, ಎಷ್ಟು ಗಂಟೆ ಕೆಲಸ ಮಾಡಿದ್ದೀರಿ ಎಂಬುದನ್ನೂ ಸೇರಿಸಿ.

ಈಗ ಅತಿ ಕಷ್ಟದ ಭಾಗ: ರೋಗಿಯ ಗುಟ್ಟು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಹೆಸರು ಬದಲಿಸಿದರೆ ಸಾಕು ಎಂಬ ನಂಬಿಕೆ ಬೆಂಗಳೂರಿನಲ್ಲೇ ಪೂರ್ತಿ ನಿಜವಲ್ಲ, ನಮ್ಮ ತಾಲೂಕುಗಳಲ್ಲಂತೂ ಅಪಾಯ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಪಾವಗಡದ ಸೋಲಾರ್ ಪಾರ್ಕ್ ನಾಗಲಮಡಿಕೆ ಹೋಬಳಿಯ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದೆ. ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ‘ಸೋಲಾರ್‌ಗೆ ಜಮೀನು ಕೊಟ್ಟ ಮನೆಯ ಹಿರಿಯ ಮಗ, ಹೆಂಡತಿ ಶಾಲಾ ಶಿಕ್ಷಕಿ, ತಮ್ಮ ಸೈನ್ಯದಲ್ಲಿ’ ಎಂದು ಬರೆದರೆ ಸಾಕು, ಆ ಹೋಬಳಿಯವರು ಮನೆ ಗುರುತಿಸುತ್ತಾರೆ. ಅರ್ಜಿ ಇಂಗ್ಲಿಷಿನಲ್ಲಿದೆ, ಊರಿನವರು ಓದುವುದಿಲ್ಲ ಎನ್ನುವ ಹಾಗಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯ ಓದುತ್ತಾನೆ. ಪ್ರಶಸ್ತಿ ಬಂದರೆ ಬರಹ ಅಂತರ್ಜಾಲಕ್ಕೆ ಹೋಗುತ್ತದೆ.

ಹಾಗಾದರೆ ಯಾವುದನ್ನು ಬದಲಿಸಬೇಕು? ಹೊರಗಿನ ವಿವರ ಬದಲಾಗಬೇಕು, ಒಳಗಿನ ಗಂಟು ಹಾಗೇ ಉಳಿಯಬೇಕು. ಮೇಲಿನ ಉದಾಹರಣೆಯಲ್ಲಿ ಗಂಟು ಇರುವುದು ದುಡ್ಡು ಬರುತ್ತಿದ್ದರೂ ಕೈಗೆ ಕೆಲಸವಿಲ್ಲದಿರುವುದರಲ್ಲಿ, ಅಪ್ಪ ಉತ್ತ ನೆಲಕ್ಕೆ ಬೇಲಿ ಬಿದ್ದುದರಲ್ಲಿ. ಅದನ್ನು ರಸ್ತೆಗೆ ಹೋದ ಜಮೀನು, ಬ್ಯಾಂಕಿನಲ್ಲಿಟ್ಟ ಪರಿಹಾರದ ಹಣ ಎಂದು ಬದಲಿಸಿದರೆ ಅರ್ಥ ಕೆಡುವುದಿಲ್ಲ. ಆದರೆ ಹಿರಿಯ ಮಗನನ್ನು ಕಿರಿಯವನಾಗಿಸಿದರೆ ಅಣ್ಣತಮ್ಮಂದಿರ ಮತ್ಸರದ ವಿಶ್ಲೇಷಣೆಯೇ ಸುಳ್ಳಾಗುತ್ತದೆ. ಜಾತಿಯನ್ನು ಮನಬಂದಂತೆ ಬದಲಿಸುವುದೂ ಹಾಗೇ. ಚಿಕಿತ್ಸಕರು ಕೊಟ್ಟ ನೀರನ್ನು ಕುಡಿಯಲು ರೋಗಿ ಹಿಂಜರಿದದ್ದು ಪ್ರಕರಣದಲ್ಲಿ ಇದ್ದರೆ ಜಾತಿಯ ಸಂಬಂಧವನ್ನು ಉಳಿಸಿ, ಹೆಸರನ್ನು ಬಿಡಿ. ಕನಸುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಕನಸನ್ನು ಬೆಳಗ್ಗೆ ಎದ್ದು ಮನೆಯವರಿಗೆ ಹೇಳುವ ರೂಢಿಯಿದೆ, ಹಾಗಾಗಿ ಉಳಿದೆಲ್ಲ ಮರೆಸಿದರೂ ಕನಸಿನಿಂದಲೇ ಆಳು ಗೊತ್ತಾಗಬಹುದು.

ಒಪ್ಪಿಗೆ ತೆಗೆದುಕೊಂಡರೆ ಮುಗಿಯಿತು ಎನ್ನುವುದೂ ಸರಿಯಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ಕೇಳಿದರೆ ರೋಗಿ ‘ಇಲ್ಲ’ ಎನ್ನಲಾರರು. ‘ನಿಮಗೆ ಒಳ್ಳೆಯದಾಗೋದಾದ್ರೆ ಬರ್ಕೊಳ್ಳಿ ಡಾಕ್ಟ್ರೇ’ ಎಂಬ ಮಾತಿನಲ್ಲಿ ಋಣ ತೀರಿಸುವ ಭಾವ ಎಷ್ಟು, ನಿಜವಾದ ಒಪ್ಪಿಗೆ ಎಷ್ಟು? ಆ ಕೇಳಿಕೆಯೇ ಮುಂದಿನ ಸೆಷನ್‌ಗಳ ಒಳಗೆ ಹೊಕ್ಕುತ್ತದೆ. ಅಮೆರಿಕದ ಮನೋವಿಶ್ಲೇಷಕ ಗ್ಲೆನ್ ಗಬಾರ್ಡ್ 2000ರಲ್ಲಿ ಇದನ್ನೇ ಚರ್ಚಿಸಿ ಐದು ದಾರಿ ತೋರಿಸಿದರು: ದಟ್ಟವಾಗಿ ಮರೆಮಾಚುವುದು, ಒಪ್ಪಿಗೆ ಪಡೆಯುವುದು, ಇಡೀ ಜೀವನಕಥೆ ಬಿಟ್ಟು ಸೆಷನ್‌ನ ಮಾತುಕತೆಯ ನಡೆಯನ್ನಷ್ಟೇ ಕೊಡುವುದು, ಹಲವರನ್ನು ಸೇರಿಸಿ ಒಬ್ಬರನ್ನಾಗಿ ಬರೆಯುವುದು, ಸಹೋದ್ಯೋಗಿಯ ಹೆಸರಿನಲ್ಲಿ ಪ್ರಕಟಿಸುವುದು. ಚಿಕ್ಕ ಊರಿಗೆ ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ಸಾಲಿನ ಸಂಭಾಷಣೆ, ನಡುವಿನ ಮೌನ, ನೀವು ಆಡಿದ ಮಾತು, ಅದಕ್ಕೆ ಬಂದ ಉತ್ತರ. ಊರು, ಕುಲ, ಕಸುಬು ಬೇಕಾಗುವುದೇ ಇಲ್ಲ, ಓದುವ ವಿಶ್ಲೇಷಕರಿಗೆ ಬೇಕಾದದ್ದೂ ಇದೇ.

ಮರೆಮಾಚಿದ್ದು ಕಡತದ ಹೊರಮೈಯಲ್ಲಿ ಬಯಲಾಗುವುದೂ ಉಂಟು. ಪಿಡಿಎಫ್‌ನ ಹೆಸರಿನಲ್ಲಿ ರೋಗಿಯ ಇನಿಷಿಯಲ್, ವರ್ಡ್ ಕಡತದಲ್ಲಿ ಅಳಿಸದೆ ಉಳಿದ ತಿದ್ದುಪಡಿಗಳು, ಫೋಟೋದೊಳಗೆ ಕೂತ ಜಿಪಿಎಸ್ ಗುರುತು. ಕಳಿಸುವ ಮುನ್ನ ಮೂರನ್ನೂ ತೆಗೆಯಿರಿ.

ಕನ್ನಡದ ಮಾದರಿಗಳನ್ನು ಸೇರಿಸುವವರಿಗೆ ಒಂದು ತೊಂದರೆ ಖಂಡಿತ ಎದುರಾಗುತ್ತದೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು ಹೊರದೇಶದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆಯುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಕೆಟ್ಟಿವೆಯೇ ನೋಡಿ, ಆಮೇಲೆ ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ. ಸೆಷನ್ ಮಾತುಗಳಿಗೆ ಇಂಗ್ಲಿಷ್ ಅನುವಾದ ಪಕ್ಕದಲ್ಲೇ ಇರಲಿ. ಪಾವಗಡದ ಕಡೆಯ ರೋಗಿ ಸಿಟ್ಟು ಬಂದಾಗ ತೆಲುಗಿಗೆ ಹೊರಳಿದರೆ ಹೊರಳಿದ ಜಾಗವನ್ನು ಗುರುತು ಮಾಡಿ. ಅದು ವಿಶ್ಲೇಷಣೆಗೆ ಸಾಮಗ್ರಿ.

ಶಿಫಾರಸು ಪತ್ರಕ್ಕೆ ಶಾಸಕರು, ಸ್ವಾಮೀಜಿಗಳು ಬೇಡ. ನಿಮ್ಮ ಸೂಪರ್‌ವೈಸರ್ ಒಬ್ಬರು, ನಿಮ್ಮ ಪರಿಚಯದ ವಲಯದ ಹೊರಗಿದ್ದು ನಿಮ್ಮ ಬರಹವನ್ನು ಬಳಸಿದವರೊಬ್ಬರು, ಮಕ್ಕಳ ವೈದ್ಯರೋ ಮುಖ್ಯೋಪಾಧ್ಯಾಯರೋ ಆದ ಬೇರೆ ಕ್ಷೇತ್ರದವರೊಬ್ಬರು ಇದ್ದರೆ ಸಾಕು. ನಿಮ್ಮನ್ನೇ ವಿಶ್ಲೇಷಣೆಗೆ ಒಳಪಡಿಸಿದವರ ಹತ್ತಿರ ಎಂದೂ ಕೇಳಬಾರದು. ಅವರು ಬರೆದರೆ ನಿಮ್ಮ ಗುಟ್ಟು ಒಡೆಯುತ್ತದೆ, ಬರೆಯದಿದ್ದರೆ ಆ ಸಂಬಂಧಕ್ಕೆ ಪೆಟ್ಟು. ಪತ್ರಕ್ಕೆ ಆರು ವಾರ ಕಾಲ ಕೊಡಿ, ಕರಡಿನ ಮೊದಲ ಪುಟವನ್ನೂ ಕಳಿಸಿ, ಇಲ್ಲವಾದರೆ ‘ಶ್ರಮಜೀವಿ, ಸರಳ ವ್ಯಕ್ತಿ’ ಎಂಬ ಪತ್ರ ಬರುತ್ತದೆ.

ಕೊನೆಯ ದಿನದ ಲೆಕ್ಕ ಹೀಗೆ. ನ್ಯೂಯಾರ್ಕ್ ಸಮಯ ರಾತ್ರಿ 11:59 ಎಂದರೆ ಬೇಸಿಗೆ ಗಡಿಯಾರದ ತಿಂಗಳುಗಳಲ್ಲಿ ನಮಗೆ ಮರುದಿನ ಬೆಳಗ್ಗೆ 9:29, ನವೆಂಬರ್ ಮೊದಲ ಭಾನುವಾರ ಆ ಗಡಿಯಾರ ಬದಲಾದ ಮೇಲೆ 10:29. ಲಂಡನ್ ಸಮಯವಾದರೆ ಬೇಸಿಗೆಯಲ್ಲಿ ಬೆಳಗಿನ ಜಾವ 4:29. ಹಿಂದಿನ ಸಂಜೆಯೇ ಕಳಿಸಿಬಿಡಿ, ಬಂದ ಸ್ವೀಕೃತಿ ಇಮೇಲನ್ನು ಇಟ್ಟುಕೊಳ್ಳಿ.

ಹಣದ ವಿಷಯವನ್ನು ಗೆದ್ದ ಮೇಲೆ ನೋಡಿದರಾಯಿತು ಎಂದು ಬಿಡುವ ಹಾಗಿಲ್ಲ. ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕುವುದಾದರೆ ಹಣ ಪಡೆಯಲು ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಬೇಕಾಗುತ್ತದೆ. ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ಹಣ ಬರುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ಅದೇ ಕಾಯ್ದೆ ಸರ್ಕಾರಿ ನೌಕರರು ವಿದೇಶಿ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರು ಅರ್ಜಿ ಹಾಕುವ ಮೊದಲೇ ಇಲಾಖೆಗೆ ಬರೆದು ಲಿಖಿತ ಉತ್ತರ ಪಡೆಯಬೇಕು. ಪ್ರಶಸ್ತಿ ಹಣಕ್ಕೆ ಸಿಗುವ ತೆರಿಗೆ ವಿನಾಯಿತಿ ಕೇಂದ್ರ, ರಾಜ್ಯ ಸರ್ಕಾರಗಳು ಕೊಡುವ ಅಥವಾ ಕೇಂದ್ರ ಸರ್ಕಾರ ಮಾನ್ಯ ಮಾಡಿದ ಪ್ರಶಸ್ತಿಗಳಿಗೆ ಮಾತ್ರ. ಹೊರದೇಶದ ಟ್ರಸ್ಟ್ ಕೊಟ್ಟಿದ್ದು ತಾನಾಗಿ ಅದರೊಳಗೆ ಸೇರುವುದಿಲ್ಲ, ಆದ್ದರಿಂದ ಅರ್ಜಿಯ ಕರಡು ತಯಾರಾಗುವ ಹೊತ್ತಿಗೇ ಲೆಕ್ಕಪರಿಶೋಧಕರ ಜೊತೆ ಒಮ್ಮೆ ಕೂತು ಮಾತಾಡಿ.